ನೈಪತ್ತಲ್ ಹುಡುಕುತ್ತಾ ಕಾಸರಗೋಡಿಗೆ

ಕೇರಳ ಗಡಿಯ ತಲಪಾಡಿ ದಾಟಿದ ಕೂಡಲೇ ನನಗೆ ಹಸಿವಾಗುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಮಂಗಳೂರಿನಿಂದ ಕಾಸರಗೋಡಿಗೆ ಹೆಚ್ಚುಕಮ್ಮಿ 50 ಕಿಲೋಮೀಟರ್. ಆಗೆಲ್ಲ ಬಸ್ಸು ಹೊಸಂಗಡಿ, ಉಪ್ಪಳ, ಕುಂಬಳೆ ಅಂತ ನಿಂತು ನಿಂತು ಹೋಗುತ್ತಿತ್ತು. ನಿಂತ ಕಡೆಯಲ್ಲೆಲ್ಲ ಕರಿದ ಬಾಳೆಹಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಈಗ ಆರು ಪಥದ ಹೆದ್ದಾರಿ ಆಗಿದೆ. ರಸ್ತೆ ಅಗಲ ಮಾಡುವಾಗ ಆ ಹಳೇ ಅಂಗಡಿಗಳಲ್ಲಿ ತುಂಬಾ ಹೋದವು. ಅವುಗಳ ಜಾಗದಲ್ಲಿ, ಸರ್ವಿಸ್ ರಸ್ತೆಯ ಪಕ್ಕ, ಗಾಜಿನ ಬಾಗಿಲಿನ ಹೊಸ ಹೋಟೆಲು, ಕೆಫೆಗಳು ಸಾಲಾಗಿ ಬಂದಿವೆ.

ಈ ಸಲ ಏಪ್ರಿಲ್ ಕೊನೆಗೆ ಎರಡು ದಿನ ಅವನ್ನೇ ನೋಡಿಕೊಂಡು ಬರೋಣ ಅಂತ ಹೊರಟೆ. ಬೆಂಗಳೂರಿನಿಂದ ರಾತ್ರಿ ಬಸ್ಸು, ಮಂಗಳೂರಿನಿಂದ ತಮ್ಮನ ಕಾರು. ತಮ್ಮ ಅಂದರೆ ಚಿಕ್ಕಮ್ಮನ ಮಗ, ಬದಿಯಡ್ಕದಲ್ಲೇ ಇರುವವನು. "ಅಕ್ಕ, ನೀನು ಊರು ಬಿಟ್ಟ ಮೇಲೆ ಇಲ್ಲಿ ಎಷ್ಟು ಹೋಟೆಲ್ ಆಗಿದೆ ಗೊತ್ತುಂಟಾ?" ಅಂತ ಫೋನಿನಲ್ಲಿ ಹೇಳುತ್ತಲೇ ಇದ್ದ. ನನಗೆ ಬೇಕಾದದ್ದು ಮಾತ್ರ ಒಂದೇ, ನೈಪತ್ತಲ್ ಅನ್ನುವ ಎಣ್ಣೆಯಲ್ಲಿ ಕರಿದ ಅಕ್ಕಿ ರೊಟ್ಟಿ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಓದುವಾಗ ತಳಂಗರೆಯ ಗೆಳತಿಯ ಮನೆಯಲ್ಲಿ ತಿಂದಿದ್ದೆ. ಆಮೇಲೆ ಯಾವ ಹೋಟೆಲಿನಲ್ಲೂ ಸಿಕ್ಕಿರಲಿಲ್ಲ.

ಹೊಸ ಅಂಗಡಿಗಳ ಬೋರ್ಡು ಬೇಗ ಬದಲಾಗುತ್ತದೆ. ಹಾಗಾಗಿ ಹೆಸರು ಬಿಟ್ಟು ಜಾಗ ಮತ್ತು ತಿಂಡಿ ಹೇಳುತ್ತೇನೆ. ಅಲ್ಲಿ ಹೋಗಿ ತಿಂಡಿಯ ಹೆಸರು ಹೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ.

ಮೊದಲ ಮಧ್ಯಾಹ್ನ ಮಂದಿ ಅನ್ನುವ ಮಾಂಸದ ಅನ್ನ. ಗಲ್ಫಿಗೆ ಹೋದವರು ತಂದ ರುಚಿ ಇದು, ಮೂಲ ಯೆಮೆನ್. ಮಲಯಾಳದಲ್ಲಿ ಕುಳಿಮಂದಿ ಅನ್ನುತ್ತಾರೆ, ಕುಳಿ ಅಂದರೆ ಗುಂಡಿಯೇ. ಗುಂಡಿಯ ತಳದಲ್ಲಿ ಕೆಂಡ, ಅದರ ಮೇಲೆ ಅಕ್ಕಿಯ ಪಾತ್ರೆ, ಅಕ್ಕಿಯ ಮೇಲುಗಡೆ ಮಾಂಸ. ಬಾಯಿ ಮುಚ್ಚಿ ಬಿಟ್ಟರೆ ಮಾಂಸದ ಕೊಬ್ಬು ಅನ್ನಕ್ಕೆ ತೊಟ್ಟಿಕ್ಕುತ್ತದೆ. ಚೆರ್ಕಳ ಕಡೆ ಹೋಗುವ ದಾರಿಯಲ್ಲಿ ನಾವು ತಿಂದದ್ದು ಚೆನ್ನಾಗಿತ್ತು. ಖಾರ ಕಡಿಮೆ, ಅನ್ನ ಉದುರುದುರು. ಆದರೆ ಇಂಥ ಮಂದಿ ಇವತ್ತು ಬೆಂಗಳೂರಿನಲ್ಲೂ ಸಿಗುತ್ತದೆ, ಅಲ್ವಾ? ಇದಕ್ಕೋಸ್ಕರ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾಗಿಲ್ಲ.

ಸಂಜೆ ಹೋದ ಕೆಫೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣಬಣ್ಣದ ದೀಪ, ಫೋಟೋ ತೆಗೆಯಲು ಗೋಡೆ, ಮುಕ್ಕಾಲು ಗಂಟೆ ಕಾದ ಮೇಲೆ ಆರಿದ ಬರ್ಗರ್. ಹೊರಗೆ ಬಂದು ಗೂಡಂಗಡಿಯಲ್ಲಿ ಕುಲುಕ್ಕಿ ಸರಬತ್ತು ಕುಡಿದೆವು. ನಿಂಬೆ, ಸೀಳಿದ ಹಸಿಮೆಣಸು, ನೆನೆದ ಕಾಮಕಸ್ತೂರಿ ಬೀಜ. ಒಂದು ಗ್ಲಾಸಿನ ಮೇಲೆ ಇನ್ನೊಂದನ್ನು ಕವುಚಿ ಗಡಗಡ ಕುಲುಕಿ ಕೊಡುತ್ತಾರೆ. ಸೆಕೆಗೆ ಅದೇ ಮದ್ದು.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. 2022ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹುಡುಗಿಯೊಬ್ಬಳು ತೀರಿಕೊಂಡಳು. ಶಾಲೆಗೆ ಹೋಗುವ ಮಗು. ಇಲ್ಲಿನವರು ಅದನ್ನು ಮರೆತಿಲ್ಲ. ಅದಾದ ಮೇಲೆ ಕೇರಳದಲ್ಲಿ ಕಟ್ಟುನಿಟ್ಟು ಹೆಚ್ಚಿತು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಷೇಧವಾಯಿತು, ಅಡುಗೆಯವರಿಗೆ ಹೆಲ್ತ್ ಕಾರ್ಡ್ ಕಡ್ಡಾಯವಾಯಿತು, ಪಾರ್ಸೆಲ್ ಮೇಲೆ ಮಾಡಿದ ಸಮಯದ ಸ್ಟಿಕ್ಕರ್ ಬಂತು. ಹೊಸ ಜಾಗಕ್ಕೆ ಹೋದರೆ ನಾನು ಮೊದಲು ಆ ಸ್ಟಿಕ್ಕರ್ ಹುಡುಕುತ್ತೇನೆ. ನೀವೂ ನೋಡಿ, ಕೇಳಲು ನಾಚಿಕೆ ಬೇಡ.

ಮರುದಿನ ಬೆಳಿಗ್ಗೆ ತಮ್ಮ ಸುಮ್ನೆ ನಕ್ಕು ಕಾರನ್ನು ತಳಂಗರೆ ಕಡೆ ತಿರುಗಿಸಿದ. ಮಾಲಿಕ್ ದೀನಾರ್ ಮಸೀದಿಯ ದಾರಿ. ಒಂದು ಕಾಲದಲ್ಲಿ ಇಲ್ಲಿ ಕೈಯಲ್ಲಿ ಹೊಲಿಯುತ್ತಿದ್ದ ಬಿಳಿ ಟೋಪಿ ಗಲ್ಫಿನವರೆಗೂ ಹೋಗುತ್ತಿತ್ತು. ಸಣ್ಣದೊಂದು ಮನೆಯ ಮುಂಭಾಗವನ್ನೇ ಹೋಟೆಲ್ ಮಾಡಿದ್ದಾರೆ. ಐದು ಮೇಜು. ನಾವಿಬ್ಬರೂ ತುಳುವಿನಲ್ಲಿ ಮಾತಾಡುತ್ತಾ ಒಳಗೆ ಹೋದೆವು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಹೆಂಗಸು ಮಲಯಾಳ ನಿಲ್ಲಿಸಿ, "ಎಂತ ಬೇಕು ಅಕ್ಕ? ನೈಪತ್ತಲ್ ಉಂಟು, ಅರಿಕ್ಕಡುಕ್ಕ ಉಂಟು" ಅಂದರು. ನನ್ನ ಕಣ್ಣು ತುಂಬಿತು. ಮೆನು ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಆದರೆ ಈ ಊರಿನ ಬಾಯಿಗೆ ಇನ್ನೂ ನಾಲ್ಕೈದು ಭಾಷೆ ಗೊತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ಕಡುಕ್ಕ ಅಂದರೆ ನಮ್ಮ ತುಳುವಿನ ಪಚ್ಚಿಲೆ, ಹಸಿರು ಅಂಚಿನ ಕಪ್ಪು ಚಿಪ್ಪು. ಜಿಲ್ಲೆಯ ತೆಂಕು ಭಾಗದಲ್ಲಿ, ಪಡನ್ನದ ಹಿನ್ನೀರಿನಲ್ಲಿ, ಹೆಂಗಸರ ಗುಂಪುಗಳು ಹಗ್ಗಕ್ಕೆ ಕಟ್ಟಿ ಇದನ್ನು ಬೆಳೆಸುತ್ತವೆ. ಮಳೆಗೆ ಮುಂಚೆ ಕೊಯ್ಲು. ಹಾಗಾಗಿ ಏಪ್ರಿಲಿನಲ್ಲಿ ಹೋದದ್ದು ಒಳ್ಳೆಯದೇ ಆಯಿತು. ಚಿಪ್ಪನ್ನು ಚೂರಿಯಲ್ಲಿ ಸ್ವಲ್ಪವೇ ಬಿಡಿಸುತ್ತಾರೆ, ಪೂರ್ತಿ ಬೇರೆ ಮಾಡುವುದಿಲ್ಲ. ಕುಚ್ಚಲಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೇಸೋಂಪು ಗಟ್ಟಿಯಾಗಿ ರುಬ್ಬಿದ ಹಿಟ್ಟನ್ನು ಹೆಬ್ಬೆರಳಿನಿಂದ ಒಳಗೆ ಒತ್ತುತ್ತಾರೆ. ಹಬೆಯಲ್ಲಿ ಬೆಂದ ಮೇಲೆ ಚಿಪ್ಪು ಬಿಡಿಸಿದರೆ ಹಿಟ್ಟು ಅದೇ ಆಕಾರದಲ್ಲಿ ನಿಂತಿರುತ್ತದೆ, ಬೆನ್ನಿಗೆ ಕಿತ್ತಳೆ ಬಣ್ಣದ ಮಾಂಸ ಅಂಟಿಕೊಂಡು. ಅದಕ್ಕೆ ಮೆಣಸು, ಅರಿಶಿನದ ಮಸಾಲೆ ಹಚ್ಚಿ ಎಣ್ಣೆಗೆ ಬಿಡುವುದು. ಹೊರಗೆ ಗರಿಗರಿ. ಒಳಗೆ ಮೆತ್ತಗೆ, ನಡುವೆ ಸಮುದ್ರದ ಉಪ್ಪು.

ನೈಪತ್ತಲಿಗೂ ಹೆಚ್ಚುಕಮ್ಮಿ ಅದೇ ಹಿಟ್ಟು. ಬಾಳೆಲೆ ಮೇಲೆ ದಪ್ಪಗೆ ತಟ್ಟಿ ಎಣ್ಣೆಗೆ ಜಾರಿಸುತ್ತಾರೆ. ಒಂದು ಕ್ಷಣ ತಳದಲ್ಲಿದ್ದು, ಮೇಲೆ ಬಂದು, ಬುಸ್ಸೆಂದು ಉಬ್ಬುತ್ತದೆ. ಜೊತೆಗೆ ಹುರಿದ ತೆಂಗಿನಕಾಯಿಯ ಕೋಳಿ ಸಾರು. ಮೂರು ತಿಂದೆ. ಕೊನೆಗೆ ನಿಂಬೆ ಹಿಂಡಿದ ಸುಲೈಮಾನಿ ಚಹಾ. ಆ ಹೆಂಗಸು ಮೊದಲು ಮದುವೆ ಮನೆಗಳಿಗೆ ಮಾಡಿ ಕೊಡುತ್ತಿದ್ದರಂತೆ. "ಮನೆಯಲ್ಲಿ ಮಾಡುವುದನ್ನು ದುಡ್ಡು ಕೊಟ್ಟು ಯಾರು ತಿನ್ನುತ್ತಾರೆ ಅಂತ ಗಂಡ ಕೇಳಿದರು. ಈಗ ಹನ್ನೊಂದು ಗಂಟೆಗೇ ಖಾಲಿ" ಅಂದರು. ಹೋಗುವವರು ಒಂಬತ್ತರೊಳಗೆ ಹೋಗಿ.

ಬಾರ್ ಕೇಳುವ ಗೆಳೆಯರಿಗೆ: ಬೇಕಲದ ಸುತ್ತ ರೆಸಾರ್ಟುಗಳಲ್ಲಿ ಸಿಗುತ್ತದೆ. ಆದರೆ ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಡ್ರೈ ಡೇ, ಅದನ್ನು ನೋಡಿಕೊಂಡು ಹೊರಡಿ. ಶಿವಪ್ಪ ನಾಯಕ ಕಟ್ಟಿಸಿದ ಕೋಟೆಯ ಮೇಲಿಂದ ಸೂರ್ಯ ಮುಳುಗುವುದನ್ನು ನೋಡಿ ಬಂದವರಿಗೆ ಕಳ್ಳು ಶಾಪಿನ ಕಪ್ಪ (ಮರಗೆಣಸು), ಮೀನು ಸಾರೂ ಇದೆ.

ನನ್ನ ಮನಸ್ಸು ಗೆದ್ದದ್ದು ಕಲ್ಪರಸ. ಕೂಡ್ಲಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ ಅಲ್ವಾ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅಲ್ಲಿನವರು ತೆಂಗಿನ ಹೊಂಬಾಳೆಯ ರಸವನ್ನು ಮರದ ಮೇಲೆಯೇ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಇಳಿಸುವ ದಾರಿ ಕಂಡುಹಿಡಿದರು. ತಂಪಿನಲ್ಲೇ ಇರುವುದರಿಂದ ರಸ ಹುಳಿಯುವುದಿಲ್ಲ, ಕಳ್ಳಾಗುವುದಿಲ್ಲ, ಸುಣ್ಣವೂ ಬೇಡ. ಹತ್ತಿರದ ಹೊಸ ಜ್ಯೂಸ್ ಅಂಗಡಿಯಲ್ಲಿ ಒಂದು ಗ್ಲಾಸ್ ಕುಡಿದೆ. ಜೇನಿನ ಬಣ್ಣ. ಸಕ್ಕರೆ ಹಾಕದೆಯೇ ಇಷ್ಟು ಸಿಹಿ ಅಂದರೆ ನಂಬುವುದು ಕಷ್ಟ.

ಮಧೂರಿಗೆ ಹೋಗಿ ಅಪ್ಪ ಪ್ರಸಾದ ತೆಗೆದುಕೊಂಡು ನೀರ್ಚಾಲು ದಾರಿ ಹಿಡಿದೆವು. ದಾರಿಯಲ್ಲಿ ನನಗೆ ಒಂದೇ ಯೋಚನೆ. ಮಾಪಿಳ್ಳೆ ಮುಸ್ಲಿಮರ ಮನೆಗಳ ಅಡುಗೆ ಅಂಗಡಿಗೆ ಬಂತು, ಹೆಸರೂ ಮಾಡಿತು. ಬಾಳೆಲೆಯಲ್ಲಿ ಹಬೆಗೆ ಬೇಯಿಸುವ ನಮ್ಮ ಕೊಟ್ಟಿಗೆ ಕಡುಬು, ಪತ್ರೊಡೆ, ಮೆಣಸ್ಕಾಯಿ ಯಾಕೆ ಇನ್ನೂ ಜಗಲಿ ದಾಟಿಲ್ಲ? ತಮ್ಮನಿಗೆ ಹೇಳಿದೆ. ಅವನು ಏನೂ ಮಾತಾಡದೆ ಅಡಿಕೆ ತೋಟದ ಪಕ್ಕ ಕಾರು ನಿಲ್ಲಿಸಿದ.

ಶೀಟಿನ ಮಾಡು, ಎರಡು ಬೆಂಚು. ಅಕ್ಕತಂಗಿಯರಿಬ್ಬರು ಶುರುಮಾಡಿ ಎರಡು ತಿಂಗಳಾಗಿತ್ತಷ್ಟೇ. ಬೋರ್ಡು ಕೂಡ ಇರಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, ಕನ್ನಡದಲ್ಲೇ ಬರೆದಿತ್ತು: ಹಲಸಿನ ಹಣ್ಣಿನ ಕೊಟ್ಟಿಗೆ, ಚಹಾ. ಬಾಳೆಲೆ ಬಿಡಿಸಿದಾಗ ಹಬೆ ಮುಖಕ್ಕೆ ಬಂತು. ಮೇಲೆ ಒಂದು ಚಮಚ ತುಪ್ಪ.

"ಇನ್ನೊಂದು ಹಾಕಲಾ ಅಕ್ಕ?" ಅಂತ ಕೇಳಿದರು. ಹಾಕಿ ಅಂದೆ.