ನೆಲದಡಿಯಿಂದ ಜಾರಿ ಬಂದ ದೆವ್ವ

16 ನವೆಂಬರ್ 2025, ಭಾನುವಾರ

ಊಟ ಆದಮೇಲೆ ಸುಮ್ನೆ ಮೊಬೈಲ್ ನೋಡುತ್ತಾ 1901ರ ಮೂಕಿ ಚಿತ್ರವೊಂದನ್ನು ನೋಡಿದೆ: ‘ಸ್ಕ್ರೂಜ್, ಆರ್ ಮಾರ್ಲೀಸ್ ಘೋಸ್ಟ್’. ಪೂರ್ತಿ ಉಳಿದಿಲ್ಲ, ಕೆಲವೇ ನಿಮಿಷ ಸಿಗುತ್ತದೆ. ಕಿಟಕಿಗೆ ಎಳೆದ ಕಪ್ಪು ಪರದೆಯ ಮೇಲೆ ಜಿಪುಣ ಸ್ಕ್ರೂಜನ ಹಳೆಯ ದಿನಗಳು ಮೂಡುತ್ತವೆ. ನಿರ್ದೇಶಕ ಡಬ್ಲ್ಯು. ಆರ್. ಬೂತ್ ಮೊದಲು ವೇದಿಕೆಯಲ್ಲಿ ಜಾದೂ ಮಾಡುತ್ತಿದ್ದವನು. ಅದು ಗೊತ್ತಾಗುತ್ತೆ.

ಆಗ ನೆನಪಾಗಿದ್ದು ‘ದಿ ಕಾರ್ಸಿಕನ್ ಬ್ರದರ್ಸ್’ ನಾಟಕ. 1852ರಲ್ಲಿ ಲಂಡನ್ನಿನ ಪ್ರಿನ್ಸೆಸ್ ಥಿಯೇಟರಿನಲ್ಲಿ ಚಾರ್ಲ್ಸ್ ಕೀನ್ ಅವಳಿ ಅಣ್ಣತಮ್ಮಂದಿರ ಎರಡೂ ಪಾತ್ರ ಮಾಡಿದ. ಅವರಲ್ಲೊಬ್ಬನಾದ, ಸತ್ತ ಲೂಯಿಯ ದೆವ್ವ ಹೆಜ್ಜೆಯನ್ನೇ ಇಡದೆ ರಂಗದ ಅಡ್ಡಕ್ಕೆ ಜಾರುತ್ತಾ ಮೇಲೇಳಬೇಕು. ಅದಕ್ಕಾಗಿ ವೇದಿಕೆಯ ಅಡಿಯಲ್ಲಿ ಏರುಮುಖವಾಗಿ ಹಳಿ ಹಾಕಿದರು. ನಟ ಚಕ್ರದ ಹಲಗೆಯ ಮೇಲೆ ನಿಲ್ಲುತ್ತಿದ್ದ, ಆಳುಗಳು ಅದನ್ನು ಎಳೆಯುತ್ತಿದ್ದರು. ನೆಲದ ಸೀಳನ್ನು ಅಂಗಡಿಯ ರೋಲಿಂಗ್ ಶಟರಿನಂಥ ಪಟ್ಟಿಗಳು ಜೊತೆಜೊತೆಗೇ ಮುಚ್ಚುತ್ತಾ ಹೋಗುತ್ತಿದ್ದವು. ಹಿನ್ನೆಲೆಯಲ್ಲಿ ದೆವ್ವಕ್ಕೆಂದೇ ಒಂದು ರಾಗ. ವಿಕ್ಟೋರಿಯಾ ರಾಣಿ ಕೂಡ ಮತ್ತೆ ಮತ್ತೆ ಬಂದು ನೋಡಿದಳಂತೆ!

ನನಗೆ ದೆವ್ವಕ್ಕಿಂತ ಇಷ್ಟವಾಗಿದ್ದು ಕಥೆಯ ಜೋಡಣೆ. ಮೊದಲೆರಡು ಅಂಕಗಳು ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಒಂದು ಕಾರ್ಸಿಕಾ ದ್ವೀಪದ ಮನೆಯಲ್ಲಿ, ಇನ್ನೊಂದು ಪ್ಯಾರಿಸ್ ಕಡೆಯಲ್ಲಿ. ಮೊದಲ ಅಂಕದ ಕೊನೆಗೆ ಹಿಂದಿನ ಗೋಡೆ ತೆರೆದು ದೂರದ ಕಾಡಿನಲ್ಲಿ ಬಿದ್ದಿರುವ ಲೂಯಿ ಕಾಣುತ್ತಾನೆ. ಎರಡನೆಯದರ ಕೊನೆಗೆ ಕಾಡಿನಿಂದ ಕಾರ್ಸಿಕಾದ ಆ ಮನೆ ಕಾಣುತ್ತದೆ. ‘ಅದೇ ಹೊತ್ತಿಗೆ ಅತ್ತ...’ ಅಂತ ಸಿನಿಮಾ ಆಮೇಲೆ ಕತ್ತರಿಸಿ ಅಂಟಿಸಿ ಹೇಳಿದ್ದನ್ನು ಇವರು ಬಡಗಿಗಳ ಕೈಯಲ್ಲಿ ಮಾಡಿಸಿದ್ದರು.

1898ರಲ್ಲಿ ಬ್ರೈಟನ್ ಕಡೆಯ ಜಿ. ಎ. ಸ್ಮಿತ್ ಇದೇ ಕಥೆಯನ್ನು ಸಣ್ಣ ಚಿತ್ರ ಮಾಡಿದ. ಹಳಿಯೂ ಬೇಡ, ಆಳೂ ಬೇಡ. ಕಪ್ಪು ಬಟ್ಟೆಯ ಮುಂದೆ ದೆವ್ವವನ್ನು ನಿಲ್ಲಿಸಿ ಅದೇ ಫಿಲಂ ಮೇಲೆ ಎರಡನೇ ಸಲ ತೆಗೆದರೆ ಮುಗಿಯಿತು. ಅಗ್ಗದ ದೆವ್ವ!

ಮೂಕಿ ನಟರು ಕೈಕಾಲು ಬೀಸುತ್ತಾರೆ ಅಂತ ನಗುತ್ತೇವೆ, ಅಲ್ವಾ? ಅದರ ಬೇರು ಕಾನೂನಿನಲ್ಲೂ ಇದೆ. 1843ರವರೆಗೆ ಲಂಡನ್ನಿನಲ್ಲಿ ಡ್ರೂರಿ ಲೇನ್, ಕೋವೆಂಟ್ ಗಾರ್ಡನ್‌ನಂಥ ಒಂದೆರಡು ಕಡೆ ಬಿಟ್ಟರೆ ಬರೀ ಮಾತಿನ ನಾಟಕ ಆಡುವಂತಿರಲಿಲ್ಲ. ಸಣ್ಣ ಥಿಯೇಟರಿನವರು ಸಂಗೀತ ಹಾಕಿ, ಅಭಿನಯದಲ್ಲೇ ಕಥೆ ಹೇಳಿ, ತೀರಾ ಬೇಕಾದ ಮಾತನ್ನು ಬಟ್ಟೆಯ ಮೇಲೆ ಬರೆದು ತೋರಿಸುತ್ತಿದ್ದರು.

ರಾತ್ರಿ ಶೇಕ್ಸ್‌ಪಿಯರ್ ನಾಟಕದ ಮೇಲಿನ 1899ರ ‘ಕಿಂಗ್ ಜಾನ್’ ಮೂಕಿ ತುಣುಕು ನೋಡಿದೆ. ದೊಡ್ಡ ರಂಗನಟ ಹರ್ಬರ್ಟ್ ಬೀರ್‌ಬೋಮ್ ಟ್ರೀ ಕುರ್ಚಿಯಲ್ಲಿ ವಿಷವೇರಿ ಒದ್ದಾಡುತ್ತಾನೆ. ಸ್ವಲ್ಪ ಜಾಸ್ತಿಯೇ ಒದ್ದಾಡುತ್ತಾನೆ, ನಿಜ.