ಆಗುಂಬೆಯ ದೊಡ್ಡಮನೆಯಲ್ಲಿ ಅಮ್ಮನೊಡನೆ

1986ರಲ್ಲಿ ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿ ದೂರದರ್ಶನದಲ್ಲಿ ಬರುತ್ತಿದ್ದಾಗ, ಶಿವಮೊಗ್ಗದ ನಮ್ಮ ಪಕ್ಕದ ಮನೆಯ ಟೀವಿಯ ಮುಂದೆ ಕುಳಿತಿರುತ್ತಿದ್ದ ಅಮ್ಮನಿಗೆ ಹಿಂದಿ ಏನೇನೂ ತಿಳಿಯುತ್ತಿರಲಿಲ್ಲ. ಆದರೂ ಕಥೆಯ ಹುಡುಗ ಸ್ವಾಮಿಯ ಮನೆಯ ಕಂಬಗಳು ಕಂಡೊಡನೆ “ಇದು ನಮ್ಮ ಕಡೆ ಮನೆ ಕಣೋ” ಎನ್ನುತ್ತಿದ್ದಳು. ಆ ಮನೆಯನ್ನು ಅವಳಿಗೆ ತೋರಿಸಲು ನನಗೆ ಇಷ್ಟು ವರ್ಷ ಹಿಡಿಯಿತು.

ಕಳೆದ ಶ್ರಾವಣದಲ್ಲಿ ಹೊರಟೆವು. ತೀರ್ಥಹಳ್ಳಿ ದಾಟಿದ ಮೇಲೆ ಹಿಡಿದ ಮಳೆ ಆಗುಂಬೆಯವರೆಗೂ ಬಿಡಲಿಲ್ಲ. ಮೂಲ ಕಥೆಗಳನ್ನು ಬರೆದ ಆರ್.ಕೆ. ನಾರಾಯಣರ ಕಲ್ಪನೆಯ ಮಾಲ್ಗುಡಿ ಸರಯೂ ನದಿಯ ದಂಡೆಯಲ್ಲಿರುವ, ಬಿಸಿಲಿನ ಊರು; ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಶಂಕರ್ ನಾಗ್ ಅದನ್ನು ಕಂಡದ್ದು ನನಗೆ ಇಂದಿಗೂ ಸೋಜಿಗ. ಹೆಂಚಿನ ಮಾಡುಗಳ ಆ ಬೀದಿಯಲ್ಲಿ ನಿಂತಾಗ ಮಾತ್ರ, ಅವರು ಹುಡುಕಿದ್ದು ಹವೆಯನ್ನಲ್ಲ, ದಾರಿಹೋಕರೊಡನೆ ಮಾತಿಗೆ ಕೂರಲು ಬರುವಂಥ ಜಗುಲಿಗಳನ್ನು ಎಂದು ಅನ್ನಿಸಿತು.

ಸ್ವಾಮಿಯ ಮನೆಯಾಗಿ ಚಿತ್ರಿತವಾದ ದೊಡ್ಡಮನೆ ನೂರು ವರ್ಷ ದಾಟಿದ ತೊಟ್ಟಿಮನೆ. ಬಂದವರಿಗೆ ಕಷಾಯ ಕೊಡುವ, ತಂಗಿದವರಲ್ಲಿ ಇಂತಿಷ್ಟೇ ಕೊಡಿ ಎಂದು ಕೇಳದ ಪದ್ಧತಿ ಅಲ್ಲಿಯದು. ನಾನು ಗಿರೀಶ್ ಕಾರ್ನಾಡರು ಅಪ್ಪನಾಗಿ ಓಡಾಡಿದ ಜಾಗ ಯಾವುದು, ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಕುಳಿತ ಮೂಲೆ ಯಾವುದು ಎಂದು ಹುಡುಕುತ್ತಿದ್ದೆ. ಅಮ್ಮ ಅದಾವುದನ್ನೂ ನೋಡಲಿಲ್ಲ. ಅಂಗಳಕ್ಕೆ ಸುರಿಯುತ್ತಿದ್ದ ನೀರು ಯಾವ ಕಡೆಯಿಂದ ಹೊರಗೆ ಹೋಗುತ್ತದೆಂದು ಬಗ್ಗಿ ನೋಡಿದಳು. ಕಂಬದ ಬುಡಕ್ಕೆ ಇರಚಲು ಬಡಿಯುತ್ತದೆಯೇ ಎಂದು ಮುಟ್ಟಿ ನೋಡಿದಳು. ಮಳೆಗಾಲಕ್ಕೆ ಸೌದೆಯನ್ನು ಎಲ್ಲಿ ಒಟ್ಟುತ್ತೀರಿ ಎಂದು ಮನೆಯವರನ್ನು ಕೇಳಿ, ಅವರ ಉತ್ತರಕ್ಕೆ ತನ್ನ ತವರಿನ ಕೊಟ್ಟಿಗೆಯ ಅಟ್ಟವನ್ನು ನೆನೆದಳು. ಅಷ್ಟರಲ್ಲಿ ನಾಲ್ಕೈದು ಮಂದಿ ಪ್ರವಾಸಿಗರು ಒದ್ದೆ ಕಾಲಲ್ಲೇ ನಡುಮನೆ ಹೊಕ್ಕು, ಒಲೆಯ ಕಡೆಗೂ ಕ್ಯಾಮೆರಾ ತಿರುಗಿಸಿದರು. ಜನ ಉಣ್ಣುವ, ಮಲಗುವ ಮನೆಯೊಂದನ್ನು ಚಿತ್ರೀಕರಣದ ಸೆಟ್ಟಿನಂತೆ ಕಾಣುವುದು ನನಗೆ ತೀರಾ ನೋವಿನ ಸಂಗತಿಯಾಗಿ ತೋರಿತು.

ಮಳೆ ಕೊಂಚ ಹೊಳವಾದಾಗ, ಅಮ್ಮನನ್ನು ಜಗುಲಿಯ ಕಂಬದ ಪಕ್ಕ ಕೂರಿಸಿ ನಾನೂ ಫೋನ್ ತೆಗೆದೆ.

“ಮನೆಯವರನ್ನ ಕೇಳಿದೆಯೇನೋ?” ಎಂದಳು.

ಕೇಳಿರಲಿಲ್ಲ. ಫೋನನ್ನು ಜೇಬಿಗೆ ಹಾಕಿ ಒಳಗೆ ಹೋದೆ.