ಗಾಂಡೋ ಊರಿನ ಶಾಲೆ

ರಾತ್ರಿ ನಿದ್ದೆ ಬಾರದೆ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಅನ್ನೋ ಹಳ್ಳಿಯ ಶಾಲೆಯ ಫೋಟೋ ನೋಡುತ್ತಾ ಕೂತೆ. ಕಟ್ಟಿಸಿದವರು ಅದೇ ಊರಿನ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ (ಹೆಸರು ಹಾಗೇ, ನಮ್ಮ ಕೆರೆಗೂ ಅದಕ್ಕೂ ಸಂಬಂಧ ಇಲ್ಲ). ಬರ್ಲಿನ್‌ನಲ್ಲಿ ಓದುತ್ತಿದ್ದಾಗಲೇ ದುಡ್ಡು ಕೂಡಿಸಿದರು. 2001ರಲ್ಲಿ ಶಾಲೆ ಎದ್ದು ನಿಂತಿತು.

ಅಡಿಪಾಯಕ್ಕೆ ಮಕ್ಕಳೇ ಕಲ್ಲು ತಂದರಂತೆ. ಇಟ್ಟಿಗೆಗೆ ಹೆಂಗಸರು ನೀರು ಹೊತ್ತರಂತೆ. ಊರಿನದೇ ಮಣ್ಣು, ಜೊತೆಗೆ ಸ್ವಲ್ಪ ಸಿಮೆಂಟ್. ತಗಡಿನ ಚಾವಣಿ ಗೋಡೆ ಮೇಲೆ ಕೂತಿಲ್ಲ, ಎತ್ತಿ ನಿಲ್ಲಿಸಿದ್ದಾರೆ. ಬಿಸಿಗಾಳಿ ಆ ಸಂದಿಯಿಂದ ಹೊರಗೆ ಹೋಗುತ್ತದೆ. ತಗಡಿನ ಕೆಳಗೆ ಬೇಸಿಗೆ ಕಳೆದವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಮಣ್ಣಿನ ಗೋಡೆ ಮಳೆಗೆ ನಿಲ್ಲುತ್ತೆ ಅಂತ ಮೊದಲು ಊರವರೇ ನಂಬಿರಲಿಲ್ಲ. ಕಟ್ಟುತ್ತಾ ಕಲಿತವರು ಆಮೇಲೆ ಬೇರೆ ಕಡೆಗೂ ಅದೇ ಕೆಲಸಕ್ಕೆ ಹೋದರು.

2022ರಲ್ಲಿ ಕೆರೆಯವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು. ನಾನಂತೂ ಸುಮ್ನೆ ಆ ತಗಡಿನ ಸಂದಿಯನ್ನೇ ಝೂಮ್ ಮಾಡಿ ನೋಡುತ್ತಿದ್ದೆ.